ಕಡೆಯ ಬೆಂಚಿನ ಚಿಪ್

ನಮ್ಮ ಹುಬ್ಬಳ್ಳಿಯಲ್ಲಿ ಈಗ ಲಿಫ್ಟುಗಳೂ ಪರೀಕ್ಷೆಗೆ ಕೂಡುತ್ತವೆ. ದಿನಕ್ಕೊಮ್ಮೆ, ಜನ ಕಡಿಮೆ ಇರುವ ಹೊತ್ತು ನೋಡಿ, ಬಾಗಿಲು ತೆರೆದು ಸುಮ್ಮನೆ ನಿಂತುಬಿಡುತ್ತವೆ. ನೆತ್ತಿಯ ಮೇಲೆ ‘ಪರೀಕ್ಷೆ ನಡೆದಿದೆ’ ಎಂಬ ಹಳದಿ ಅಕ್ಷರ ಹೊತ್ತಿಕೊಳ್ಳುತ್ತದೆ. ಲಿಫ್ಟಿಗೆ ಕಿವಿ ಇಲ್ಲ, ಗದ್ದಲವಾದರೆ ಅದಕ್ಕೇನೂ ಆಗುವುದಿಲ್ಲ. ಆದರೂ ಎದುರು ನಿಂತವರು ದನಿ ತಗ್ಗಿಸುತ್ತಾರೆ. ಒಬ್ಬ ಅಜ್ಜಿ ತನ್ನ ಮೊಮ್ಮಗಳಿಗೆ “ಸುಮ್ಮನಿರ ಅಂದ್ರ, ಅದು ಬರಿಯಾಕತ್ತೈತಿ” ಎಂದು ಗದರಿದ್ದನ್ನು ನಾನೇ ಕೇಳಿದ್ದೇನೆ. ‘ಕೇಳಿದ್ದೇನೆ’ ಎಂದು ನಾನು ಹೇಳುವಂತಾದದ್ದೂ ಆ ಪರೀಕ್ಷೆ ಕಂಡುಹಿಡಿದವರ ಪುಣ್ಯದಿಂದಲೇ. ಆದ್ದರಿಂದ ಮುಂದೆ ಎಲ್ಲಿಯಾದರೂ ನಾನು ನಕ್ಕಂತೆ ಕಂಡರೆ ಅದನ್ನು ಕೃತಘ್ನತೆ ಎಂದು ತಿಳಿಯಬಾರದು.

ನಾನು ಊರ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಅಂಥ ಕಾಲೇಜಿನಲ್ಲಿ ಕನ್ನಡದ ಮಾಸ್ತರನೆಂದರೆ ಮದುವೆಗೆ ಹೆಚ್ಚಾಗಿ ತರಿಸಿದ ಕುರ್ಚಿ. ಎಲ್ಲಿ ಜಾಗವಿದೆಯೋ ಅಲ್ಲಿ ಇಡುತ್ತಾರೆ. ನನ್ನನ್ನು ಕಂಪ್ಯೂಟರ್ ವಿಭಾಗದಲ್ಲಿ, ಚಿಪ್ ಪರೀಕ್ಷಿಸುವ ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ಗೋಡೆ ತೆಳುವಾಗಿತ್ತು. ಹೀಗಾಗಿ ಜಗತ್ತಿನ ಚಿಪ್‌ಗಳ ಕಷ್ಟಸುಖವೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು, ಕಿವಿ ಇರುವಷ್ಟು ದಿನ.

ಆಮೇಲೆ ಕಿವಿ ಹೋಯಿತು. ಒಮ್ಮೆಲೇ ಅಲ್ಲ. ಮೊದಲು ಗುಬ್ಬಿಗಳು ಹೋದವು, ನಂತರ ಹಿಂದಿನ ಬೆಂಚಿನ ಹುಡುಗರು, ನಂತರ ಮುಂದಿನ ಬೆಂಚು, ಕೊನೆಗೆ ನನ್ನ ಹೆಂಡತಿ ಗಿರಿಜಾ. ಯಾರಿಗೂ ತಿಳಿಯದಂತೆ ನಿಭಾಯಿಸುತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ದಿನ ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಬೇಸಿಗೆ ರಜೆ ರದ್ದು ಎಂದು ಸಾರಿದಾಗ ಇಡೀ ಸಭೆಯಲ್ಲಿ ನಾನೊಬ್ಬನೇ ಸಂತೋಷದಿಂದ ತಲೆಯಾಡಿಸಿದೆನಂತೆ. ಅದನ್ನು ಗಮನಿಸಿದವರು ವಿಭಾಗದ ಮುಖ್ಯಸ್ಥೆ, ಪ್ರೊಫೆಸರ್ ವಿಜಯಮಾಲಾ ಮೆಣಸಿನಕಾಯಿ. ಮೀಟಿಂಗು ಮುಗಿದ ಮೇಲೆ ಒಂದು ಚೀಟಿಯಲ್ಲಿ ಬರೆದು ನನ್ನ ಮುಂದೆ ಇಟ್ಟರು: “ಬಳಿಗಾರ ಸರ್, ನಮ್ಮ ಚಿಪ್ ಇರುವ ಕಿವಿ ಮಷೀನು ಬಂದಿದೆ. ಹಾಕಿಸಿಕೊಳ್ಳುತ್ತೀರಾ?”

‘ನಮ್ಮ ಚಿಪ್’ ಎಂದರೆ ಅವರು ತಯಾರಿಸಿದ್ದಲ್ಲ, ಅವರು ಪರೀಕ್ಷಿಸುವಂಥದು. ಆ ವ್ಯತ್ಯಾಸ ನನಗೂ ಮೊದಲು ತಿಳಿದಿರಲಿಲ್ಲ. ಹಿಂದೆಲ್ಲ ಕಾರ್ಖಾನೆಯಿಂದ ಹೊರಬೀಳುವ ಮುನ್ನ ಪ್ರತಿ ಚಿಪ್‌ನ ಮೇಲೆ ಕೂದಲಿಗಿಂತ ತೆಳುವಾದ ಸೂಜಿಗಳನ್ನು ಇಳಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಲಕ್ಷಾಂತರ ಪ್ರಶ್ನೆ ಕೇಳುತ್ತಿದ್ದರು. ಸರಿಯಾಗಿ ಉತ್ತರಿಸಿದ್ದು ಪೇಟೆಗೆ, ತಪ್ಪಿದ್ದು ಕಸಕ್ಕೆ. ಅಲ್ಲಿಗೆ ಮುಗಿಯಿತು, ಆಮೇಲೆ ಅದನ್ನು ಯಾರೂ ಏನೂ ಕೇಳುವವರಿಲ್ಲ. ಆದರೆ ಚಿಪ್‌ಗೂ ವಯಸ್ಸಾಗುತ್ತದೆ. ಒಳಗಿನ ದಾರಿಗಳು ಸವೆದು ಸಂದೇಶಗಳು ನಿಧಾನವಾಗಿ ಓಡಾಡತೊಡಗುತ್ತವೆ.

“ಒಬ್ಬ ಹುಡುಗಗ ಎಂಟು ಸೆಮಿಸ್ಟರ್ ಪರೀಕ್ಷಾ ಮಾಡ್ತೀವಿ, ಆದ್ರೂ ನಂಬೂದಿಲ್ಲ,” ಎಂದು ಮೇಡಂ ಹೇಳುತ್ತಿದ್ದರು. “ಮನಷಾನ ಎದಿಯೊಳಗ ಕೂಡೂ ಚಿಪ್‌ಗೆ ಹುಟ್ಟಿದ ದಿನ ಒಂದ್ ಸಲ ಕೇಳಿ ಸಾಯೂತನಕ ಪಾಸ್ ಅಂತೀವಿ. ಇದ್ಯಾವ ನ್ಯಾಯರೀ?”

ಅವರ ಸಂಶೋಧನೆ ಇಷ್ಟೇ: ಚಿಪ್‌ನೊಳಗೇ ಒಂದು ಪುಟ್ಟ ಪರೀಕ್ಷಾ ಕೋಣೆ ಕಟ್ಟಿಸುವುದು. ಕಾಲೇಜಿನಿಂದ ದಿನವೂ ಹೊಸ ಪ್ರಶ್ನೆಪತ್ರಿಕೆ ಗಾಳಿಯಲ್ಲಿ ಹೋಗುತ್ತದೆ. ಚಿಪ್ ಬರೆದ ಉತ್ತರ ಹಾಗೆಯೇ ಮರಳಿ ಬರುತ್ತದೆ. ಬರೆಯುವಾಗ ಬೇರೆ ಕೆಲಸ ಮಾಡಲಾಗದು, ಆದ್ದರಿಂದ ಮೂರು ನಾಲ್ಕು ನಿಮಿಷ ರಜೆ. ಮೇಡಂ ಇನ್ನೊಂದು ಹಟ ಹಿಡಿದಿದ್ದರು: ಪರೀಕ್ಷೆ ನಡುರಾತ್ರಿ ಬೇಡ, ಚಿಪ್ ದುಡಿದು ಬೆಚ್ಚಗಿರುವ ಹೊತ್ತಿನಲ್ಲೇ ಆಗಬೇಕು. ಫೇಲಾದದ್ದನ್ನು ಮರಳಿ ಕೆಲಸಕ್ಕೆ ಬಿಡಕೂಡದು. ಈ ಪದ್ಧತಿ ಮೊದಲು ನಮ್ಮ ಊರಿಗೆ ಬಂತು, ಆಸ್ಪತ್ರೆ ಲಿಫ್ಟು ಬಸ್ಸು ಎಲ್ಲಕ್ಕೂ. ಊರು ಎರಡು ದಿನ ಗೊಣಗಿತು, ಮೂರನೆಯ ದಿನ ಒಗ್ಗಿಕೊಂಡಿತು. ಪರೀಕ್ಷೆಗಾಗಿ ಮನೆಮಂದಿಯನ್ನೆಲ್ಲ ಬಾಯಿ ಮುಚ್ಚಿಸಿ ಕೂಡಿಸುವುದು ನಮ್ಮ ಜನಕ್ಕೇನು ಹೊಸದೇ?

ನನ್ನ ಕಿವಿಯ ಮಷೀನಿನ ಪರೀಕ್ಷೆ ಸಂಜೆ ಏಳಕ್ಕೆ. ಗಿರಿಜಾ ಆಸ್ಪತ್ರೆಯಿಂದ ಬಂದು, ಕೈಕಾಲು ತೊಳೆದು, ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಬಡಿಯುವ ಹೊತ್ತು. ಅವಳು ಹಸುಗೂಸುಗಳ ವಾರ್ಡಿನಲ್ಲಿ ಸಿಸ್ಟರು. ನಾನು ಒಲೆಯ ಪಕ್ಕ ಮಣೆ ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಮಷೀನು ಒಮ್ಮೆ ‘ಟುಂಯ್’ ಎಂದು, ಜಗತ್ತನ್ನು ಎತ್ತಿಟ್ಟು, ಪರೀಕ್ಷೆಗೆ ಹೋಗುತ್ತಿತ್ತು. ಆಗ ಗಿರಿಜಾಳ ತುಟಿ ಅಲುಗತೊಡಗುತ್ತಿತ್ತು. ನಾನು ಕಿವುಡನಾಗಿದ್ದ ಮೂರು ವರ್ಷ ಅವಳು ರೊಟ್ಟಿ ಬಡಿಯುತ್ತ ಒಬ್ಬಳೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಕಿವಿ ಮರಳಿ ಬಂದ ಮೇಲೆ ಆ ಮಾತಿಗೆ ಉಳಿದದ್ದು ಈ ನಾಲ್ಕು ನಿಮಿಷ. ಯಾರಿಗೇ ಆಗಲಿ, ಹಾಗೆ ಮಾತಾಡಲು ಒಂದಿಷ್ಟು ವೇಳೆ ಬೇಕು. ನಾನು ಸಭ್ಯನಂತೆ ಉಳ್ಳಾಗಡ್ಡಿಯನ್ನೇ ನೋಡುತ್ತಿದ್ದೆ.

ಮಾರ್ಚಿನ ಒಂದು ಸಂಜೆ ಮಷೀನು ಪಾಸಾಗಿ ‘ಟುಂಯ್’ ಎಂದಿತು. ಜಗತ್ತು ಮರಳಿ ಬಂತು. ಮೊದಲು ಕೇಳಿಸಿದ್ದು ಇದು:

“...ಉಪ್ಪು ಹೆಚ್ಚಾದ್ರ ಹೇಳಾಕ ಬಾಯಿ ಬರ್ತೈತಿ. ಚಲೋ ಆದ ದಿನ ಬಾಯಾಗ ಏನ್ ಇಟ್ಕೊಂಡಿರ್ತಾರೋ.”

ತಲೆಯೆತ್ತಿ ನೋಡಿದೆ. ಗಿರಿಜಾಳ ತುಟಿ ಮುಚ್ಚಿತ್ತು. ಅವಳು ರೊಟ್ಟಿ ತಿರುವುತ್ತಿದ್ದಳು.

ಭ್ರಮೆ ಎಂದುಕೊಂಡೆ. ಮರುದಿನವೂ ಹಾಗೇ ಆಯಿತು. ನಾಲ್ಕಾರು ದಿನ ನೋಡಿದ ಮೇಲೆ ಸಂಗತಿ ಅರ್ಥವಾಯಿತು: ಪರೀಕ್ಷೆಯ ಹೊತ್ತಿನಲ್ಲಿ ಅವಳಾಡಿದ ಮಾತಿನ ಬಾಲ, ಕೊನೆಯ ಒಂದೆರಡು ವಾಕ್ಯ, ಪರೀಕ್ಷೆ ಮುಗಿದ ಮೇಲೆ ನನಗೆ ತಲುಪುತ್ತಿತ್ತು. ಮೇಡಂಗೆ ಹೇಳಬಹುದಿತ್ತು. ಆದರೆ ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಹೆಂಡತಿಯ ನಿಜವಾದ ಅಭಿಪ್ರಾಯ ಮನೆಬಾಗಿಲಿಗೆ ಬರುತ್ತಿರುವಾಗ ಯಾವ ಗಂಡಸು ದೂರು ಕೊಡುತ್ತಾನೆ? ಬದಲಿಗೆ ನಾನು ಅದರಂತೆ ನಡೆಯತೊಡಗಿದೆ.

“ಬದ್ನಿಕಾಯಿ ಪಲ್ಯಾ ಇವತ್ತ ಭಾಳ ಚಲೋ ಆಗೇತಿ.”

ಗಿರಿಜಾ ಸಂಶಯದಿಂದ ನೋಡಿದಳು. “ಯಾಕ್ರೀ? ನಿಮ್ಮಕ್ಕ ಬರಾಕತ್ತಾರೇನು?”

ಹೀಗೆ ಏಪ್ರಿಲ್ ಕಳೆಯಿತು. ಮೇ ತಿಂಗಳಲ್ಲಿ ಊರು ಕಾದ ಹಂಚಾಯಿತು. ಒಂದು ಸಂಜೆ ಮಷೀನು ಪರೀಕ್ಷೆ ಮುಗಿಸಿ ಬಂದಾಗ ಇಷ್ಟು ಕೇಳಿಸಿತು:

“...ನಾ ಗಂಟಿ ಬಂದ್ ಮಾಡಿಲ್ಲ. ಅದು ಹೊಡದದ್ದ ತಡಾ. ಮಷೀನು ಪಾಸ್ ಐತಿ, ತಪ್ಪು ನಂದ ಅಂತ. ಇವರಿಗೆ ಕಿವಿ ಕೊಟ್ಟವರ ಮ್ಯಾಲೆ ನಾ ಹೆಂಗ ಬಾಯಿ ಮಾಡ್ಲಿ?”

ಕೈಯಲ್ಲಿದ್ದ ಉಳ್ಳಾಗಡ್ಡಿ ಕೆಳಗಿಟ್ಟೆ. “ಗಿರಿಜಾ, ಯಾವ ಗಂಟಿ?”

ಅವಳ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಮಡಚಿ ಬಿತ್ತು. “ಯಾರ ಹೇಳಿದ್ರು ನಿಮಗ?”

“ನೀನ ಹೇಳಿದಿ. ಈಗ.”

ಎಲ್ಲವನ್ನೂ ಹೇಳಿದೆ. ಅವಳು ಒಲೆ ಆರಿಸಿ, ಎದುರಿಗೆ ಕೂತು, ಎರಡು ತಿಂಗಳು ತಾನಾಡಿದ್ದನ್ನೆಲ್ಲ ಒಳಗೊಳಗೇ ತಿರುವಿ ಹಾಕಿದಂತೆ ಕಂಡಿತು. ಮುಖದ ಬಣ್ಣ ಒಂದೆರಡು ಸಲ ಬದಲಾಯಿತು.

“ನಿಮ್ಮಕ್ಕನ ಸುದ್ದಿ ಮಾತಾಡಿದ್ನೆಲ್ಲಾ, ಅದು ಕೇಳೇತೇನು?”

“ಕಡೀ ಎರಡು ಮಾತಷ್ಟ.”

“ಕಡೀ ಎರಡು ಮಾತನ್ಯಾಗನ ಎಲ್ಲಾ ಇರ್ತೈತಿ,” ಎಂದಳು. “ಎಂಥಾ ಮನಷಾರ್ರೀ ನೀವು! ಬಾಗಲಾ ಸಂದ್ಯಾಗ ನಿಂತು ಕೇಳಿದಂಗ ಆತಲ್ಲ.”

ಸಿಟ್ಟು ನಿಜವಾದದ್ದೇ. ಅದು ಇಳಿಯುವವರೆಗೆ ಕಾದು ಮತ್ತೆ ಗಂಟೆಯ ಮಾತು ಕೇಳಿದೆ. ಆಗ ಹೇಳಿದಳು.

ದಿನ ತುಂಬದೆ ಹುಟ್ಟಿದ ಒಂದು ಹೆಣ್ಣುಕೂಸು ಅವಳ ವಾರ್ಡಿನಲ್ಲಿತ್ತು. ಅಂಥ ಕೂಸುಗಳನ್ನು ವಾರ್ಮರ್ ಎಂಬ ಯಂತ್ರದಲ್ಲಿ ಮಲಗಿಸುತ್ತಾರೆ; ಮೇಲಿನಿಂದ ಶಾಖ, ಮೈಗೆ ಅಂಟಿಸಿದ ಒಂದು ತಂತಿ, ಕೂಸು ತಣ್ಣಗಾದರೆ ಗಂಟೆ. ಗಿರಿಜಾ ಪಕ್ಕದ ಕೂಸಿಗೆ ಹಾಲು ಹಾಕುತ್ತಿದ್ದವಳು ರೂಢಿಯಂತೆ ತಿರುಗಿ ಈ ಕೂಸಿನ ಪಾದ ಮುಟ್ಟಿದಳು. ತಣ್ಣಗಿತ್ತು. ಶಾಖ ಯಾವಾಗಲೋ ಕಡಿಮೆಯಾಗಿತ್ತು. ಕೂಸನ್ನೆತ್ತಿ ಎದೆಗವಚಿಕೊಂಡ ಮೇಲೆ ಗಂಟೆ ಹೊಡೆಯಿತು. ಆದರೆ ಯಂತ್ರದ ನೆನಪಿನಲ್ಲಿ ಗಂಟೆ ಹೊಡೆದದ್ದು ಅದಕ್ಕಿಂತ ಮುಂಚೆ ಎಂದು ದಾಖಲಾಗಿತ್ತು. ಹಾಗಿದ್ದರೆ ಸಿಸ್ಟರ್ ತಡವಾಗಿ ಬಂದರು, ಇಲ್ಲವೇ ಗಂಟೆಯ ಬಾಯಿ ಮುಚ್ಚಿದರು. ಯಂತ್ರ ಸುಳ್ಳು ಹೇಳಲಾರದು, ಏಕೆಂದರೆ ಅದು ದಿನವೂ ನಮ್ಮ ಕಾಲೇಜಿನ ಪರೀಕ್ಷೆಯಲ್ಲಿ ಪಾಸಾಗಿದೆ. ಮೆಮೋ ಬಂದಿತ್ತು. ಸೋಮವಾರ ವಿಚಾರಣೆ. ವಾರ್ಡಿನಿಂದ ತೆಗೆದುಹಾಕಬಹುದು.

“ಕೂಸು?”

“ಆರಾಮ ಐತಿ. ಚಮಚಾಲೆ ಹಾಲು ಕುಡಿಯಾಕತ್ತೈತಿ.” ಆ ಮಾತು ಹೇಳುವಾಗ ಮಾತ್ರ ಅವಳ ಮುಖ ತಿಳಿಯಾಯಿತು. “ಅದಕ್ಕ ನಾ ಸುಮ್ಮನಿದ್ದೆ. ಮೇಡಂ ಇರಲಿಲ್ಲಂದ್ರ ನೀವು ಇನ್ನೂ ಗ್ವಾಡಿ ನೋಡ್ಕೋತ ಕೂತಿರ್ತಿದ್ರಿ. ಅವರ ಕೆಲಸಕ್ಕ ಕಲ್ಲು ಹಾಕೂದು ನನ್ನ ಕಡೆಯಿಂದ ಆಗೂದಿಲ್ಲ.”

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ತಲೆಯಲ್ಲಿ ಒಂದೇ ಸಂಗತಿ: ಅವಳ ಗಂಟೆ ತಡ, ನನ್ನ ಮಾತೂ ತಡ. ಎರಡೂ ಮಷೀನು ಪಾಸು.

ಮರುದಿನ ಪ್ರಯೋಗಾಲಯಕ್ಕೆ ಹೋದೆ. ಅಲ್ಲಿ ಯಂತ್ರಗಳಿಗಾಗಿ ಎಷ್ಟು ತಂಪು ಮಾಡಿರುತ್ತಾರೆಂದರೆ ಮೇ ತಿಂಗಳಲ್ಲೂ ಮೇಡಂ ಶಾಲು ಹೊದ್ದಿದ್ದರು. ಅವರ ಪಕ್ಕ ಸ್ವೆಟರು ತೊಟ್ಟ ಈರಣ್ಣ ಹಂಚಿನಾಳ, ಅಸಿಸ್ಟಂಟ್ ಪ್ರೊಫೆಸರ್. ಪ್ರಶ್ನೆಪತ್ರಿಕೆ ಕಳಿಸುವುದು, ಉತ್ತರ ತಿದ್ದುವುದು ಎಲ್ಲ ಅವರ ಕೈಯಲ್ಲಿತ್ತು. ಕಾಲೇಜಿನಲ್ಲಿ ಅವರಷ್ಟು ಮೆದು ಮನಸ್ಸಿನವರಿಲ್ಲ. ಅವರ ಕೋಣೆಗೆ ಸೂಪರ್‌ವಿಜನ್ ಬಿದ್ದರೆ ಹುಡುಗರು ಹೊರಗೆ ಪೇಡೆ ಹಂಚುತ್ತಿದ್ದರು.

ನನ್ನ ಕಥೆ, ಗಿರಿಜಾಳ ವಾರ್ಮರಿನ ಕಥೆ ಎರಡನ್ನೂ ಕೇಳಿ ಮೇಡಂ ಪರದೆಯ ಮೇಲೆ ನನ್ನ ಚಿಪ್‌ನ ಫಲಿತಾಂಶ ತೆರೆದರು. “ನೂರಕ್ಕ ನೂರು ಸರ. ದಿನಾ.”

“ನಮ್ಮ ಹುಡುಗರಿಗಿಂತ ಶಾಣ್ಯಾ ಐತಿ,” ಎಂದರು ಹಂಚಿನಾಳ.

ಆದರೂ ಅಲ್ಲೇ ಪರೀಕ್ಷೆ ಮಾಡಿ ನೋಡಿದರು. ಮಷೀನು ‘ಟುಂಯ್’ ಎಂದು ಹೋಯಿತು. ಹಂಚಿನಾಳ ನನ್ನ ಮುಂದೆ ನಿಂತು ತುಂಬ ಹೊತ್ತು ಏನೇನೋ ಮಾತಾಡಿದರು. ಮಷೀನು ಮರಳಿ ಬಂತು. ನನಗೇನೂ ಕೇಳಿಸಲಿಲ್ಲ. ಇನ್ನೊಮ್ಮೆ ಮಾಡಿದರು. ಇಲ್ಲ.

“ಮನ್ಯಾಗ ಭಾಳ ಟೆನ್ಶನ್ ಐತೇನ್ ಸರ?” ಎಂದು ಹಂಚಿನಾಳ ಮೆತ್ತಗೆ ಕೇಳಿದರು. ಕನ್ನಡದವರಿಗೆ ಇಲ್ಲದ್ದು ಕೇಳಿಸುವುದು ಸಹಜ ಎಂಬ ಕನಿಕರ ಅವರ ಮುಖದಲ್ಲಿತ್ತು.

ಮೇಡಂ ಮಾತ್ರ ಪೆನ್ನು ಕಚ್ಚುತ್ತ ನನ್ನನ್ನೇ ನೋಡುತ್ತಿದ್ದರು. “ಸರ, ಮನ್ಯಾಗ ಪರೀಕ್ಷಾ ಆಗೂ ಮುಂದ ನೀವು ಎಲ್ಲೆ ಕೂಡ್ತೀರಿ?”

“ಒಲಿ ಮುಂದ.”

ಅವರು ಶಾಲು ತೆಗೆದು ಕುರ್ಚಿಯ ಮೇಲೆ ಎಸೆದರು. “ನಡೀರಿ ಕ್ಯಾಂಟೀನಿಗೆ.”

ಕ್ಯಾಂಟೀನಿನ ತಗಡಿನ ಮಾಡಿನ ಕೆಳಗೆ, ಮಿರ್ಚಿ ಭಜಿ ಕರಿಯುವ ಕಡಾಯಿಯ ಪಕ್ಕ, ನನ್ನನ್ನು ಒಂದು ಬೆಂಚಿನ ಮೇಲೆ ಕೂಡಿಸಿದರು. ಮೇಡಂ ಮೊಬೈಲಿನಿಂದಲೇ ಪ್ರಶ್ನೆಪತ್ರಿಕೆ ಬಿಟ್ಟರು. ಜಗತ್ತು ಹೋಯಿತು. ಹಂಚಿನಾಳ ಈಗ ಬೇಸರದಿಂದ ಭಜಿಯವನ ಕಡೆ ತಿರುಗಿ ಏನೋ ಹೇಳಿದರು, ಅವನು ಹಲ್ಲು ಕಿರಿದ. ಮಷೀನು ಮರಳಿತು. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ, ಒಂದಕ್ಷರ ಬಿಡದೆ, ಒಪ್ಪಿಸಿದೆ:

“‘ಇದೂ ನಮ್ಮ ಪ್ರಿನ್ಸಿಪಾಲರ ವಿಗ್ ಇದ್ದಂಗ. ಎಲ್ಲಾರಿಗೂ ಗೊತ್ತೈತಿ, ಯಾರೂ ಹೇಳಾಂಗಿಲ್ಲ.’”

ಭಜಿಯವನ ಕೈಯಿಂದ ಜಾಲರಿ ಸೌಟು ಎಣ್ಣೆಗೆ ಬಿತ್ತು. ಹಂಚಿನಾಳರ ಮುಖ ಬೆಳ್ಳಗಾಯಿತು. ಮೇಡಂ ನಗಲಿಲ್ಲ. ಅವರು ಮೊಬೈಲಿನಲ್ಲಿ ಬಂದ ಫಲಿತಾಂಶ ನೋಡುತ್ತಿದ್ದರು. ನೂರಕ್ಕೆ ನೂರು.

ಕೂತು ಬಿಡಿಸಿ ಹೇಳಿದರು. ಪರೀಕ್ಷೆ ನಡೆದಾಗಲೂ ಮಷೀನಿನ ಕಿವಿ ತೆರೆದೇ ಇರುತ್ತದೆ. ಕೇಳಿದ್ದನ್ನು ಒಂದು ಪುಟ್ಟ ಪಾಟಿಯ ಮೇಲೆ ಬರೆದು ಬರೆದು ಅಳಿಸುತ್ತಿರುತ್ತದೆ. ಪರೀಕ್ಷೆ ಮುಗಿದ ಕೂಡಲೇ ‘ಪಾಟಿ ಒರೆಸು’ ಎಂಬ ಆಜ್ಞೆ ಹೋಗಬೇಕು, ಆಮೇಲೆ ದನಿ ಬಿಡಬೇಕು. ನನ್ನ ಚಿಪ್‌ನಲ್ಲಿ ಆ ಆಜ್ಞೆ ನಡೆಯುವ ದಾರಿ ಸೆಕೆಯಲ್ಲಿ ನಿಧಾನ. ಅದು ತಲುಪುವಷ್ಟರಲ್ಲಿ ಪಾಟಿಯ ಮೇಲಿನ ಕೊನೆಯ ಮಾತು ಹೊರಗೆ ಹೋಗಿರುತ್ತದೆ. ತಂಪಿನಲ್ಲಿ ಸರಿಯಾಗಿರುತ್ತದೆ. ವಾರ್ಮರಿನೊಳಗೂ ಅದೇ ತಯಾರಿಕೆಯ ಚಿಪ್, ಅಲ್ಲೂ ಶಾಖ. ‘ಗಂಟೆ ಹೊಡೆ’ ಎಂದು ಅದು ಸರಿಯಾದ ಹೊತ್ತಿಗೇ ನಿರ್ಧರಿಸಿ ದಾಖಲೆ ಬರೆಯುತ್ತದೆ. ಆದರೆ ಆ ಆಜ್ಞೆ ತನ್ನ ಸರದಿ ತಪ್ಪಿಸಿಕೊಂಡು ಮುಂದಿನ ಸುತ್ತಿಗೆ, ಅದನ್ನೂ ತಪ್ಪಿಸಿಕೊಂಡು ಅದರ ಮುಂದಿನ ಸುತ್ತಿಗೆ ಹೋಗಿ ಗಂಟೆ ಮುಟ್ಟುತ್ತದೆ.

“ಉತ್ತರ ಸರಿ, ಆದರ ತಡಾ. ಇದನ್ನ ಹಿಡಿಯಾಕಂತನ ನಾವು ಪರೀಕ್ಷಾ ಮಾಡೂದು,” ಎಂದರು ಮೇಡಂ. “ಈರಣ್ಣ, ತಡಾ ಆದದ್ದಕ್ಕ ಫುಲ್ ಮಾರ್ಕ್ಸ್ ಹೆಂಗ ಬಂತು?”

ಹಂಚಿನಾಳ ಸ್ವೆಟರು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದರು. ಅದರ ಗುಂಡಿ ತಿರುವುತ್ತ ಹೇಳಿದರು.

“ಹ್ವಾದ ಬ್ಯಾಸಗ್ಯಾಗ ಭಾಳ ಫೇಲ್ ಆಗಾಕತ್ತಿದ್ವು ಮೇಡಂ. ತೆಗದು ನೋಡಿದ್ರ ಉತ್ತರಾ ಎಲ್ಲಾ ಬರೋಬ್ಬರಿ. ಗಂಟಿ ಹೊಡದ ಮ್ಯಾಲೆ ಚೂರು, ಚೂರಂದ್ರ ಚೂರು ತಡಾ. ಪಾಪ ಅನಿಸ್ತು. ಪರೀಕ್ಷಾದಾಗ ಗಂಟಿ ಆದಕೂಡಲೆ ಎಲ್ಲಾರದೂ ಕಸ್ಕೋತೀವೇನು? ಮುಂದಿನ ಬೆಂಚಿನಿಂದ ಪೇಪರ್ ಕೂಡಿಸ್ಕೋತ ಹೋಗ್ತೀವಿ, ಹಿಂದಿನ ಬೆಂಚಿನವ ಅಷ್ಟರಾಗ ಒಂದ್ ಸಾಲು ಬರೀತಾನ. ಹಂಗ... ಇವಕ್ಕೂ ಅಷ್ಟ ಟೈಮ್ ಬಿಟ್ಟೆ. ತಿದ್ದೂ ಪ್ರೋಗ್ರ್ಯಾಮಿನ್ಯಾಗ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಜಗತ್ತಿನ ಬೇರೆ ಯಾವ ಎಂಜಿನಿಯರನೂ ಮಾಡಲಾರದ, ಮಾಸ್ತರಿಕೆ ಮಾಡಿದವನು ಮಾತ್ರ ಮಾಡಬಲ್ಲ ತಪ್ಪು ಅದು. ಮೇಡಂ ಬೈಯುತ್ತಾರೆಂದು ಭಜಿಯವನೂ ಕಾಯುತ್ತಿದ್ದ.

“ನಾನೂ ಕಡೀ ಬೆಂಚಿನಾಕಿನ,” ಎಂದರು ಅವರು. “ಮೂರನೇ ಸೆಮಿಸ್ಟರ್ ಮ್ಯಾಥ್ಸ್ ಪಾಸ್ ಆದದ್ದು ಹಂಗ. ಆ ಸರ ಮುಂದಿನ ಬೆಂಚಿನಿಂದ ಸಾವಕಾಶ ಬಂದ್ರು ಅಂತ ನಾ ಇವತ್ತ ಇಲ್ಲಿ ಕೂತೀನಿ. ಅವರನ್ನ ನೆನಸದ ದಿನ ಇಲ್ಲ.” ಮೊಬೈಲು ಕೆಳಗಿಟ್ಟು, “ಆದರ ಈರಣ್ಣ, ಆ ಕೂಸಿಗೆ ಯಾರ ಕಾಯ್ತಾರ?” ಎಂದರು.

ಹಂಚಿನಾಳ ಎದ್ದು, ಪ್ರಯೋಗಾಲಯದ ಕಡೆ, ಓಟವೆನ್ನಬಹುದಾದ ನಡಿಗೆಯಲ್ಲಿ ಹೊರಟರು. ಮಧ್ಯಾಹ್ನದೊಳಗೆ ಆ ರಿಯಾಯಿತಿ ತೆಗೆದುಹಾಕಿದರು.

ನಾನು ಕೋಣೆಗೆ ಹೊರಟಾಗ ಮೇಡಂ ಕರೆದರು. “ಸರ, ಸಂಜೀಕ ನಿಮ್ಮ ಚಿಪ್ ಫೇಲ್ ಆಗ್ತೈತಿ. ಆ ಮ್ಯಾಲೆ ಅದು ಕೆಲಸಾ ಮಾಡಾಂಗಿಲ್ಲ. ನಿಯಮಾ ನಾನ ಮಾಡೀನಿ. ಹೊಸಾ ತಯಾರಿಕೆ ಬರೂದ್ರಾಗ ಮಳಿಗಾಲ ಮುಗೀತೈತಿ.” ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು, ಅದು ಶುಭ್ರವಾಗಿಯೇ ಇತ್ತು. “ಕಿವಿ ಮಷೀನಿನಿಂದ ಯಾರ ಜೀವಕ್ಕೂ ಅಪಾಯ ಇಲ್ಲ. ನಿಮ್ಮದೊಂದು ಹಂಗ ಬಿಟ್ರ...”

ಬಿಡಿ ಎನ್ನಲು ಬಾಯಿ ತೆರೆದಿದ್ದೆ. ಸುಳ್ಳೇಕೆ ಹೇಳಲಿ, ತೆರೆದೇ ಬಿಟ್ಟಿದ್ದೆ. ಮಳೆಗಾಲವೆಂದರೆ ಒಂದು ಇಡೀ ಸೆಮಿಸ್ಟರು ಹುಡುಗರ ತುಟಿ ನೋಡುತ್ತ ಪಾಠ. ಮಳೆ ಬಂದದ್ದು ಕಿಟಕಿಯಿಂದ ತಿಳಿಯುವುದು. ರೊಟ್ಟಿ ಬಡಿಯುವುದನ್ನು ಬರೀ ಕಣ್ಣಿನಿಂದ ನೋಡುವುದು.

“ಬ್ಯಾಡ್ರಿ ಮೇಡಂ,” ಎಂದೆ. “ಸೋಮವಾರ ಆಸ್ಪತ್ರ್ಯಾಗ ಕೇಳ್ತಾರ, ತಡಾ ಆದ ಚಿಪ್ ಎಲ್ಲಾ ಫೇಲ್ ಮಾಡೀರೇನು ಅಂತ. ಹೌದು, ಆ ಸಿಸ್ಟರ್ ಗಂಡಂದೊಂದು ಬಿಟ್ಟು ಅಂತ ಹೇಳಾಕ ಆಗ್ತೈತೇನು?”

ಅವರು ತಲೆಯಾಡಿಸಿ ಆಸ್ಪತ್ರೆಗೆ ಹೊರಟರು. ಪತ್ರ ಕಳಿಸಬಹುದಿತ್ತು, ಫೋನು ಮಾಡಬಹುದಿತ್ತು. ತಾವೇ ಹೋದರು, ಹಂಚಿನಾಳರನ್ನೂ ಕರೆದುಕೊಂಡು.

ಅಂದು ಸಂಜೆ ಗಿರಿಜಾ ಹೊಸ್ತಿಲ ಮೇಲೆ ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದಳು. ಮೆಮೋ ಹಿಂದೆ ತೆಗೆದುಕೊಂಡರಂತೆ. ಮೇಡಂ ಎಲ್ಲರೆದುರು ನಿಂತು “ತಪ್ಪು ನಮ್ಮ ಪರೀಕ್ಷೆಯದು, ಈ ಸಿಸ್ಟರ್‌ದಲ್ಲ” ಎಂದರಂತೆ. ತಡವಾಗುವ ವಾರ್ಮರುಗಳನ್ನೆಲ್ಲ ಹೊರಗೆ ಹಾಕಿಸಿ, ಪಕ್ಕದ ಆಸ್ಪತ್ರೆಗಳಿಂದ ಬೇರೆ ತರಿಸುವವರೆಗೆ ಕದಲಲಿಲ್ಲವಂತೆ.

“ಆ ಸ್ವೆಟರಿನ ಸರ ಆ ಕೂಸಿನ ಮುಂದ ನಿಂತು ಕೈ ಮುಗುದ್ರು ನೋಡ್ರಿ. ನಾ ಪಾದ ಮುಟ್ಟಿ ನೋಡ್ರಿ ಸರ ಅಂದೆ. ಬ್ಯಾಡ ಬ್ಯಾಡ ಅಂತ ಹಿಂದ ಸರದ್ರು. ಆಮ್ಯಾಲೆ ಒಂದ್ ಬೆರಳಿನಿಂದ ಮುಟ್ಟಿದ್ರು. ‘ಬೆಚ್ಚಗೈತ್ರಿ’ ಅಂದ್ರು. ಅಷ್ಟ.”

ಆಮೇಲೆ ನನ್ನ ಮುಖ ನೋಡಿ ನಿಂತಳು. ಅವಳಿಗೂ ಗೊತ್ತಿತ್ತು, ಮೇಡಂ ಹೇಳಿದ್ದರು.

“ಇನ್ನ ಅರ್ಧಾ ತಾಸೈತಿ,” ಎಂದಳು. “ಏನರ ಕೇಳೂದೈತೇನ್ರೀ? ಟೀವಿ ಹಚ್ಲೇನು? ನಿಮ್ಮಕ್ಕಗ ಫೋನ್ ಮಾಡ್ತೀರೇನು?”

“ಏನೂ ಬ್ಯಾಡ. ರೊಟ್ಟಿ ಬಡಿ.”

ಹಿಟ್ಟು ನಾದಿದಳು. ನಾನು ಮಣೆಯ ಮೇಲೆ ಕೂತೆ, ಉಳ್ಳಾಗಡ್ಡಿ ಹೆಚ್ಚಲಿಲ್ಲ. ಟಪ ಟಪ ಎಂಬ ಸದ್ದಿಗೆ ಒಂದು ಏರಿಳಿತವಿದೆ. ರೊಟ್ಟಿ ಅಗಲವಾದಷ್ಟೂ ಸದ್ದು ತೆಳುವಾಗುತ್ತದೆ. ಇಪ್ಪತ್ತು ವರ್ಷ ತಿಂದವನಿಗೆ ಅದು ಆ ಸಂಜೆಯೇ ತಿಳಿದದ್ದು. ಕೆಳಮನೆಯಲ್ಲಿ ನದಾಫ ಚಾಚಾ ಕೆಮ್ಮಿದರು. ಅವರು ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು, ಕೆಮ್ಮಿದರೂ ಗಾಡಿ ಬಿಟ್ಟಂತಿರುತ್ತದೆ. ದೂರದಲ್ಲಿ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು.

ಏಳಕ್ಕೆ ಮಷೀನು ‘ಟುಂಯ್’ ಎಂದು ಹೋಯಿತು.

ಗಿರಿಜಾಳ ತುಟಿ ಅಂದು ಅಲುಗಲಿಲ್ಲ. ಬಾಲ ಕೇಳಿಸುವುದಿಲ್ಲವೆಂದು ಅವಳಿಗೆ ಗೊತ್ತು, ಆದರೂ ಬಾಯಿ ಬಿಗಿಹಿಡಿದಿದ್ದಳು. ಎಷ್ಟೋ ತಿಂಗಳು ಆ ನಾಲ್ಕು ನಿಮಿಷ ಅವಳದಾಗಿತ್ತು. ನಾನು ಕದ್ದು ಕೇಳಿ ಅದನ್ನೂ ಕಸಿದುಕೊಂಡಿದ್ದೆ. ಮರಳಿ ಕೊಡಲು ನನ್ನ ಹತ್ತಿರ ಇದ್ದದ್ದು ಒಂದೇ. ಆದ್ದರಿಂದ ನಾನು ಮಾತಾಡಿದೆ.

ಹೇಳಿದ್ದೇನೂ ದೊಡ್ಡದಲ್ಲ. ಮೂರು ವರ್ಷ ನಾನು ಗೋಡೆ ನೋಡುತ್ತ ಕೂತಾಗ ನೀನು ಸಂತೆಯ ಚೀಟಿ, ಲೈಟಿನ ಬಿಲ್ಲು, ನನ್ನ ಸಿಟ್ಟು ಎಲ್ಲ ಹೊತ್ತೆ ಎಂದೆ. ನೀನು ತಿರುಗಿ ಪಾದ ಮುಟ್ಟದಿದ್ದರೆ ಆ ಕೂಸು ಉಳಿಯುತ್ತಿರಲಿಲ್ಲ ಎಂದೆ. ಬದನೆಕಾಯಿ ಪಲ್ಯ ನಿಜಕ್ಕೂ ಚೆನ್ನಾಗಿರುತ್ತದೆ, ಯಾವತ್ತೂ ಚೆನ್ನಾಗಿತ್ತು ಎಂದೆ. ಇನ್ನೂ ಏನೇನೋ ಹೇಳಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ದನಿ ನನಗೇ ಕೇಳಿಸದ ಕಾರಣ, ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

ಗಿರಿಜಾ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಇನ್ನೊಂದು ಕೈಯಿಂದ ಸಣ್ಣಗೆ, ಸಣ್ಣಗೆ ಎಂದು ಸನ್ನೆ ಮಾಡಿದಳು. ಕಣ್ಣಲ್ಲಿ ನೀರು, ನಗುವಿನದೋ ಅಳುವಿನದೋ ಆ ಕ್ಷಣ ಹೇಳುವಂತಿರಲಿಲ್ಲ. ಬಾಗಿಲಲ್ಲಿ ನದಾಫ ಚಾಚಾ ಬಂದು ನಿಂತಿದ್ದರು, ಒಂದು ಕೈಯಲ್ಲಿ ಚಹದ ಬಟ್ಟಲು, ಮುಖದಲ್ಲಿ ಗಾಬರಿ. ಅವರ ಹಿಂದೆ ಮೆಟ್ಟಿಲ ಮೇಲೆ ಇನ್ನಿಬ್ಬರು. ಗಿರಿಜಾ ಅವರತ್ತ ಕೈಯಾಡಿಸಿ, ನನ್ನ ಕಡೆ ತಿರುಗಿ, ಏನೋ ಹೇಳಿದಳು. ಒಂದಲ್ಲ, ಎರಡು ವಾಕ್ಯವಿರಬೇಕು. ಚಾಚಾ ಟೊಪ್ಪಿಗೆ ತೆಗೆದು ತಲೆ ತಗ್ಗಿಸಿದರು.

ನಾಲ್ಕು ನಿಮಿಷ ಆಯಿತು. ಐದಾಯಿತು. ಮಷೀನು ಮರಳಲಿಲ್ಲ.

ಮರುದಿನ ಊರಲ್ಲಿ ಎಷ್ಟೋ ಲಿಫ್ಟುಗಳು ನಿಂತಿದ್ದವು, ಬಸ್ಸುಗಳಲ್ಲಿ ಕಂಡಕ್ಟರುಗಳು ಕೈಯಿಂದ ಟಿಕೆಟು ಹರಿಯುತ್ತಿದ್ದರು. ಜನ ಮೆಟ್ಟಿಲು ಹತ್ತುತ್ತ, ಏದುಸಿರು ಬಿಡುತ್ತ, ಒಬ್ಬರಿಗೊಬ್ಬರು ಹೇಳಿಕೊಂಡರಂತೆ: “ಈ ಸಲ ಪೇಪರ್ ಭಾಳ ಟಫ್ ಇತ್ತಂತ.” ಇದನ್ನು ಗಿರಿಜಾ ಪಾಟಿಯ ಮೇಲೆ ಬರೆದು ತೋರಿಸಿದಳು. ಆ ಮಳೆಗಾಲವೆಲ್ಲ ನಮ್ಮ ಮನೆಯಲ್ಲಿ ಮಾತು ಸೀಮೆಸುಣ್ಣದಲ್ಲಿ ನಡೆಯಿತು.

ಹೊಸ ಮಷೀನನ್ನು ಹಂಚಿನಾಳರೇ ಮನೆಗೆ ತಂದುಕೊಟ್ಟರು, ಒಲೆಯ ಮುಂದೆ ಕೂಡಿಸಿ ಎರಡು ಸಲ ಪರೀಕ್ಷಿಸಿದ ಮೇಲೆಯೇ ಚಹ ಕುಡಿದರು. ಈಗ ಯಾರಿಗೂ ಕಾಯುವುದಿಲ್ಲವೇ ಎಂದು ಕೇಳಿದೆ.

“ಚಿಪ್‌ಗೆ ಇಲ್ಲ ಸರ,” ಎಂದರು. “ಹುಡುಗರದು ಬ್ಯಾರೆ.”

ಅವರನ್ನು ಕಳಿಸಲು ಕೆಳಗಿಳಿದಾಗ ನದಾಫ ಚಾಚಾ ಕಟ್ಟೆಯ ಮೇಲಿದ್ದರು. ಕಿವಿ ಬಂದದ್ದಕ್ಕೆ ಮನಸಾರೆ ಸಂತೋಷಪಟ್ಟು, ಪಕ್ಕಕ್ಕೆ ಕರೆದರು.

“ಅವತ್ತ ನೀವ್ ಹೇಳಿದ್ದು ಇಡೀ ಓಣಿ ಕೇಳೇತಿ ಸಾಹೇಬ್ರ. ನಮ್ಮನ್ಯಾಗ ಬೇಗಂ ಒಂದ್ ವಾರ ನನ್ನ ಕೂಡ ಮಾತಾಡ್ಲಿಲ್ಲ, ಅವರ್ನ ನೋಡಿ ಕಲೀರಿ ಅಂತ.” ನಕ್ಕು, ದನಿ ತಗ್ಗಿಸಿದರು. “ಅಕ್ಕಾರು ತಿರುಗಿ ಏನ್ ಅಂದ್ರು, ಅದು ನಿಮಗ ಕೇಳಿಲ್ಲಲ್ಲ? ನಂಗ ನೆನಪೈತಿ. ಹೇಳ್ಲೇನು?”

ಕೇಳುವ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು.

“ಬ್ಯಾಡ ಚಾಚಾ,” ಎಂದೆ. “ಅದು ಆಕೀ ಟೈಮಿನ್ಯಾಗ ಆಡಿದ ಮಾತು.”

ಆ ಸಂಜೆ ಏಳಕ್ಕೆ ಹೊಸ ಮಷೀನು ಮೊದಲ ಸಲ ಪರೀಕ್ಷೆಗೆ ಹೋಯಿತು. ನಾನು ಉಳ್ಳಾಗಡ್ಡಿಯ ಕಡೆ ತಿರುಗಿದೆ. ಓರೆಗಣ್ಣಿಗೆ ಗಿರಿಜಾಳ ತುಟಿ ಅಲುಗುವುದು ಕಾಣಿಸಿತು. ಮೊದಲು ಅನುಮಾನದಿಂದ, ಆಮೇಲೆ ಧಾರಾಳವಾಗಿ. ರೊಟ್ಟಿ ಬಡಿಯುತ್ತ, ತಿರುವುತ್ತ, ಅವಳು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದಳು. ನನಗೆ ಏನೂ ಕೇಳಿಸಲಿಲ್ಲ, ಒಂದಕ್ಷರವೂ.

ಮಷೀನು ಹೊತ್ತಿಗೆ ಸರಿಯಾಗಿ ಮರಳಿತು, ಪಾಟಿ ಒರೆಸಿಕೊಂಡು. ಮೊದಲು ಕೇಳಿಸಿದ್ದು ಹಂಚಿನ ಮೇಲೆ ರೊಟ್ಟಿ ಉಬ್ಬುವ ಸಣ್ಣ ಸದ್ದು. ಆಮೇಲೆ ಅವಳು, ನನ್ನ ಕಡೆ ತಿರುಗಿ:

“ಏನ್ರೀ, ಪಾಸಾತೇನು?”

“ಆತು.”

“ಹಂಗಾದ್ರ ತಾಟು ತಗೋರಿ.”